ವಾರಕ್ಕೆ ಸಾಕುವ ಹಸು

ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಕೊಳ್ಳಲು ಕಾಸಿಲ್ಲದವರು ಬೇರೆಯವರ ಹಸುವನ್ನೋ ಆಡನ್ನೋ ವಾರಕ್ಕೆ, ಅಂದರೆ ಪಾಲಿಗೆ, ಹಿಡಿದು ಸಾಕುವುದುಂಟು. ಸಾಮಾನ್ಯವಾಗಿ ಹಾಲು, ಗೊಬ್ಬರ ಸಾಕಿದವರಿಗೆ. ಕರು ಮಾರಿದ ದುಡ್ಡು ಅರ್ಧರ್ಧ. ಬಂಡವಾಳವಿಲ್ಲದ ಹೆಣ್ಣುಮಗಳೊಬ್ಬಳು ನಾಳೆ ಸ್ವಂತ ಹಸು ಕಟ್ಟಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು.

ಆದರೆ ಬಂಡೀಪುರದ ಕಾಡಂಚಿನಲ್ಲಿ ಬರೀ ಬಾಯಿಮಾತು ಸಾಲದು. ಮೇಯಲು ಹೋದ ಹಸುವನ್ನು ಹುಲಿ ಹಿಡಿದರೆ ಅರಣ್ಯ ಇಲಾಖೆಯ ಪರಿಹಾರ ಯಾರಿಗೆ? ವರ್ಷವಿಡೀ ಹುಲ್ಲು ಹೊತ್ತವಳಿಗೆ ಅದರಲ್ಲಿ ಪಾಲು ಬೇಡವೇ? ಕಾಲುಬಾಯಿ ಜ್ವರ ಬಂದರೆ ಔಷಧಿಯ ಖರ್ಚು ಯಾರದು? ಕಿವಿಯಲ್ಲಿರುವ 12 ಅಂಕಿಯ ಟ್ಯಾಗ್, ವಿಮೆ ಯಾರ ಹೆಸರಲ್ಲಿವೆ? ಹಸು ಕೊಟ್ಟಿಗೆಗೆ ಬರುವ ಮುಂಚೆಯೇ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು, ನಾಲ್ಕು ಜನರ ಮುಂದೆ ಇಬ್ಬರೂ ಸಹಿ ಹಾಕಿಕೊಳ್ಳಿ.