ತಿಂಗಳಿಗೊಂದು ಚುಚ್ಚುಮದ್ದು

ಮಾನಸಿಕ ಕಾಯಿಲೆಗೆ ಔಷಧಿ ಬರೆಸಿಕೊಂಡು ಬರುವುದು ಸುಲಭ. ಅದನ್ನು ವರ್ಷಗಟ್ಟಲೆ ನುಂಗಿಸುವುದು ಎಷ್ಟು ಕಷ್ಟವೆಂದು ಮನೆಯವರಿಗಷ್ಟೇ ಗೊತ್ತು. “ಈಗ ಚೆನ್ನಾಗಿದ್ದೇನಲ್ಲ, ಇನ್ನೇಕೆ ಮಾತ್ರೆ?” ಎಂದು ರೋಗಿ ಕೇಳುತ್ತಾನೆ. ಮನೆಯವರಿಗೂ ಅದು ನಿಜವೆನಿಸುತ್ತದೆ. ಕೆಲವೇ ತಿಂಗಳಲ್ಲಿ ಹಳೆಯ ಭಯ, ಕಿವಿಯಲ್ಲಿ ಕೇಳುವ ಧ್ವನಿಗಳು ಮರಳಿ ಬರುತ್ತವೆ.

ಜಗಳೂರು ತಾಲ್ಲೂಕಿನಲ್ಲಿರುವ ನನ್ನ ದೊಡ್ಡಮ್ಮನ ಮಗನಿಗೆ ಸ್ಕಿಜೋಫ್ರೇನಿಯಾ ಇದೆ. ಅಣ್ಣ ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡು ಹಿತ್ತಲಲ್ಲಿ ಉಗುಳುತ್ತಿದ್ದ. ದೊಡ್ಡಮ್ಮ ಅದನ್ನು ಪುಡಿ ಮಾಡಿ ಸಾರಿಗೆ ಬೆರೆಸತೊಡಗಿದರು. ಒಂದು ದಿನ ಅವನಿಗೆ ಗೊತ್ತಾಯಿತು. ಊಟಕ್ಕೆ ಯಾರೋ ವಿಷ ಹಾಕುತ್ತಿದ್ದಾರೆ ಎಂಬ ಅವನ ಭ್ರಮೆಗೆ ಸಾಕ್ಷಿಯೇ ಸಿಕ್ಕಂತಾಯಿತು. ಬಹಳ ದಿನ ಅವನು ತಾಯಿ ಮಾಡಿದ ಮುದ್ದೆ ಮುಟ್ಟಲಿಲ್ಲ.

ಆಗ ವೈದ್ಯರೊಬ್ಬರು ದೀರ್ಘಕಾಲ ಕೆಲಸ ಮಾಡುವ ಚುಚ್ಚುಮದ್ದಿನ ವಿಷಯ ಹೇಳಿದರು. ಇದು 1960ರ ದಶಕದಲ್ಲೇ ಬಳಕೆಗೆ ಬಂದದ್ದು. ಫ್ಲುಫೆನಜಿನ್ ಎಂಬ ಔಷಧಿಯನ್ನು ಕೊಬ್ಬಿನ ಆಮ್ಲವೊಂದರ ಜೊತೆ ಜೋಡಿಸಿ, ಶುದ್ಧೀಕರಿಸಿದ ಎಳ್ಳೆಣ್ಣೆಯಲ್ಲಿ ಕರಗಿಸುತ್ತಾರೆ. ಸ್ನಾಯುವಿಗೆ ಚುಚ್ಚಿದಾಗ ಎಣ್ಣೆ ಅಲ್ಲೇ ನಿಂತು, ಔಷಧಿ ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಸೇರುತ್ತದೆ. ಎರಡರಿಂದ ನಾಲ್ಕು ವಾರ ಪರಿಣಾಮ ಉಳಿಯುತ್ತದೆ. ಸಂಶೋಧನೆ ಅಲ್ಲಿಗೇ ನಿಂತಿಲ್ಲ. ಪಾಲಿಪೆರಿಡೋನ್ ಎಂಬ ಔಷಧಿಯ ತಿಂಗಳ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2009ರಲ್ಲಿ, ಮೂರು ತಿಂಗಳದ್ದಕ್ಕೆ 2015ರಲ್ಲಿ, ಆರು ತಿಂಗಳದ್ದಕ್ಕೆ 2021ರಲ್ಲಿ ಒಪ್ಪಿಗೆ ಸಿಕ್ಕಿತು.

“ಹಾಕಿಸಿಕೊಂಡ ಮೇಲೆ ಬೇಡ ಅನ್ನಿಸಿದರೆ ತೆಗೆಯೋಕೆ ಆಗುತ್ತಾ ಸಾರ್?” ಎಂದು ಅಣ್ಣ ಕೇಳಿದ. ಅವನನ್ನು ಬುದ್ಧಿಯಿಲ್ಲದವನೆಂದು ಕರೆಯುತ್ತಿದ್ದ ನಮಗ್ಯಾರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. “ಆಗಲ್ಲಪ್ಪ. ಅದಕ್ಕೇ ಮೊದಲು ಅದೇ ಔಷಧಿಯ ಮಾತ್ರೆ ಕೊಟ್ಟು, ನಿನಗೆ ಒಗ್ಗುತ್ತದೆಯೇ ನೋಡೋಣ,” ಎಂದರು ವೈದ್ಯರು. ಕೈನಡುಕ, ಮೈ ಬಿಗಿತ, ಕೂತಲ್ಲಿ ಕೂರಲಾಗದ ಚಡಪಡಿಕೆ ಬರಬಹುದೆಂದೂ ಮುಚ್ಚಿಡದೆ ಹೇಳಿದರು. ಅಣ್ಣ ಒಪ್ಪಿದ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಇಂಥ ತಿಳುವಳಿಕೆಯ ಒಪ್ಪಿಗೆಯನ್ನೇ ಕೇಳುತ್ತದೆ. ಒಪ್ಪಿಗೆಯಿಲ್ಲದೆ, ಹಿಡಿದು ಹಾಕಿಸಿದ ಚುಚ್ಚುಮದ್ದಿಗೂ ಸಾರಿನಲ್ಲಿ ಬೆರೆಸಿದ ಪುಡಿಗೂ ಏನು ವ್ಯತ್ಯಾಸ?

ಈಗ ಅವನಿಗೆ ಕೈ ಸ್ವಲ್ಪ ನಡುಗುತ್ತದೆ. ಆದರೆ ಮನೆಯಲ್ಲಿ ದಿನವೂ ನಡೆಯುತ್ತಿದ್ದ ಕಾವಲು ನಿಂತಿದೆ. ದೊಡ್ಡಮ್ಮ ಮತ್ತೆ ಬರೀ ತಾಯಿಯಾಗಿದ್ದಾರೆ.

ನೆರೆಯ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ ನಿಮ್ಹಾನ್ಸ್ ತಜ್ಞರು ಹಳ್ಳಿಯ ರೋಗಿಗಳಿಗೆ ಅಲ್ಲೇ ಚಿಕಿತ್ಸೆ ಕೊಟ್ಟು ಅಧ್ಯಯನ ನಡೆಸಿದ್ದಾರೆ. ಔಷಧಿ ಬಿಡದೆ ಪಡೆದವರ ಬದುಕು ಸುಧಾರಿಸಿದ್ದನ್ನು ಕಂಡಿದ್ದಾರೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ಮನೋಚೈತನ್ಯ ಕಾರ್ಯಕ್ರಮವನ್ನು ರಾಜ್ಯ ಸರಕಾರ 2014ರಲ್ಲಿ ಆರಂಭಿಸಿದ್ದೂ ಚಿಕಿತ್ಸೆ ಊರಿನ ಹತ್ತಿರ ಸಿಗಲೆಂದೇ.

ಆದರೆ ತಿಂಗಳ ಆ ಒಂದು ದಿನವನ್ನು ಯಾರು ಕೊಡಬೇಕು? ಚನ್ನಗಿರಿಯಲ್ಲಿ ಅಡಿಕೆ ಸುಲಿಯುವವರಿಗೆ, ಹೊನ್ನಾಳಿ, ನ್ಯಾಮತಿಗಳಲ್ಲಿ ಹೊಲಗದ್ದೆಯ ಕೂಲಿಗೆ ಹೋಗುವವರಿಗೆ ಆಸ್ಪತ್ರೆಯ ದಿನವೆಂದರೆ ಕೂಲಿ ತಪ್ಪಿದ ದಿನ. ಜೊತೆಗೆ ಬರುವವರದ್ದೂ ಸೇರಿ ಎರಡು ಕೂಲಿ. ನಿಮ್ಮ ಕೈಕೆಳಗೆ ದುಡಿಯುವವರು ಆ ದಿನ ರಜೆ ಕೇಳಿದರೆ ಯಾವ ಕಾಯಿಲೆ ಎಂದು ಕೆದಕಬೇಡಿ. ರಜೆ ಕೊಡಿ, ಸಾಧ್ಯವಾದರೆ ಕೂಲಿಯನ್ನೂ ಕೊಡಿ.