ಅಪ್ಪನೇ ಗುರುವಾದ ಮನೆ

ಸೋಮವಾರ, ರಾತ್ರಿ 11
ಜಪಾನಿನ ನಿರ್ದೇಶಕ ಮಿಜೊಗುಚಿಯ ಸಿನಿಮಾ ‘ಕೊನೆಯ ಸೇವಂತಿಗೆಯ ಕಥೆ’ (1939) ನೋಡಿದೆ. ನಿದ್ದೆ ಹತ್ತುತ್ತಿಲ್ಲ. ಕಬುಕಿ ನಟರ ಮನೆತನದ ಸಾಕುಮಗ ಕಿಕುನೊಸುಕೆ. ಎದುರಿಗೆ ಎಲ್ಲರೂ ಹೊಗಳುತ್ತಾರೆ, ಮರೆಯಲ್ಲಿ ಆಡಿಕೊಳ್ಳುತ್ತಾರೆ. ನಿಮ್ಮ ಅಭಿನಯ ಇನ್ನೂ ಪಳಗಿಲ್ಲ ಎಂದವಳು ಒಟೊಕು ಒಬ್ಬಳೇ, ಮನೆಯ ಹಸುಗೂಸಿಗೆ ಹಾಲೂಡಿಸುವ ದಾದಿ. ರಾತ್ರಿ ಬೀದಿಯಲ್ಲಿ ಕೂಸನ್ನೆತ್ತಿಕೊಂಡು ಅವಳು, ಪಕ್ಕದಲ್ಲಿ ಅವನು. ಕ್ಯಾಮೆರಾ ತಗ್ಗಿನಿಂದ ನೋಡುತ್ತ ಜೊತೆಗೇ ಸಾಗುತ್ತದೆ, ಎಲ್ಲೂ ಕತ್ತರಿಸದೆ. ಎಷ್ಟು ಮೆತ್ತಗಿನ ದನಿ, ಎಂಥ ಕಟು ಮಾತು! ಕೆಲಸ ಹೋದದ್ದು ಅವಳದೇ.

ಮಂಗಳವಾರ
ಕಿಕುನೊಸುಕೆ ಪಳಗಿಲ್ಲವೆಂದು ಅವನ ಅಪ್ಪನಿಗೂ ಗೊತ್ತಿತ್ತಲ್ಲ. ಗುರುವೂ ಅವನೇ. ಮತ್ತೆ ದಾದಿ ಯಾಕೆ ಹೇಳಬೇಕಾಯಿತು?

ಗುರುವಾರ
ನರುಸೆಯ ‘ತ್ಸುರುಹಾಚಿ ಮತ್ತು ತ್ಸುರುಜಿರೊ’ (1938). ತ್ಸುರುಹಾಚಿ ಗುರುವಿನ ಮಗಳು, ಶಾಮಿಸೆನ್ ನುಡಿಸುವವಳು. ತ್ಸುರುಜಿರೊ ಶಿಷ್ಯ, ಹಾಡುವವನು. ವೇದಿಕೆ ಇಳಿದರೆ ಸಾಕು, ಜಗಳ. ಬೇರೆಯಾಗುತ್ತಾರೆ, ಅವಳು ಮದುವೆಯಾಗುತ್ತಾಳೆ, ಅವನು ಹಾಳಾಗುತ್ತಾನೆ. ವರ್ಷಗಳ ಮೇಲೆ ಮತ್ತೆ ಜೊತೆಯಾಗಿ ಗೆದ್ದಾಗ, ನಿನ್ನ ನುಡಿಸಾಣಿಕೆ ಸರಿಯಿಲ್ಲವೆಂದು ಬೇಕಂತಲೇ ಹೀಗಳೆಯುತ್ತಾನೆ. ಅವಳು ಸಿಟ್ಟಾಗಿ ಗಂಡನ ಮನೆಗೆ ಮರಳಲಿ ಅಂತ. ವೇದಿಕೆಗಾಗಿ ಗಂಡನನ್ನು ಬಿಡಲು ಅವಳು ತಯಾರಿದ್ದಳು. ಅವಳ ಕಲೆಯ ಗತಿಯನ್ನು ಅವನೇ ತೀರ್ಮಾನಿಸಿಬಿಟ್ಟ. ಇದನ್ನು ತ್ಯಾಗ ಅನ್ನಲು ನನಗೆ ಮನಸ್ಸಿಲ್ಲ.

ಶುಕ್ರವಾರ, ಬೆಳಗಿನ ಜಾವ
ಮಿಜೊಗುಚಿಯ ಅಕ್ಕ ಸುಜು. ಬಡತನದಲ್ಲಿ ಮನೆಯವರು ಅವಳನ್ನು ದತ್ತು ಕೊಟ್ಟರು. ಗೀಶಾ ಆದಳು. ಅವಳ ಆಸರೆಯಲ್ಲೇ ತಮ್ಮ ಬೆಳೆದ. ಸೋಮವಾರ ನೋಡಿದ ಸಿನಿಮಾದ ಕೊನೆಯಲ್ಲಿ, ಅವನಿಗಾಗಿ ಸವೆದ ಒಟೊಕು ಒಸಾಕಾದಲ್ಲಿ ಸಾಯುತ್ತಿರುವಾಗ ಕಿಕುನೊಸುಕೆ ದೋಣಿಯ ಮೆರವಣಿಗೆಯಲ್ಲಿ ನಿಂತು ಜನರಿಗೆ ನಮಸ್ಕರಿಸುತ್ತಾನೆ. ಆ ನಮಸ್ಕಾರದ ಹಿಂದೆ ಸುಜು ಇದ್ದಾಳೆ ಅನ್ನಿಸುತ್ತಲೇ ಇದೆ. ಮಿಜೊಗುಚಿ ಅಕ್ಕನ ಋಣ ತೀರಿಸಿದನೆ? ಅಥವಾ ಗಂಡಸು ಬೆಳಗಲು ಹೆಣ್ಣು ಉರಿಯುವ ಅದೇ ಕಥೆಯನ್ನು ಚಂದಗಾಣಿಸಿದನೆ? ಎರಡೂ ಇರಬಹುದು. ನೋಡುವಾಗ ಅತ್ತದ್ದಂತೂ ನಿಜ.

ಭಾನುವಾರ
ಓಜುವಿನ ‘ತೇಲುವ ಜೊಂಡು’ (1959). ಊರೂರು ಅಲೆಯುವ ನಾಟಕ ತಂಡದ ಯಜಮಾನ ಕೊಮಾಜುರೊ. ಹೆತ್ತ ಮಗನ ಪಾಲಿಗೆ ಅವನು ಬರೀ ಮಾವ. ಆ ಪಾತ್ರ ಮಾಡಿದ ಎರಡನೆಯ ನಕಮುರ ಗಂಜಿರೊ ಮಾತ್ರ ಅಪ್ಪನ ರಂಗನಾಮವನ್ನೇ ಹೊತ್ತ ಕಬುಕಿ ನಟ.

ಸುರಿಮಳೆ. ಬೀದಿಯ ಆ ಸೂರಿನಡಿ ತಂಡದ ನಟಿ ಸುಮಿಕೊ, ಈ ಸೂರಿನಡಿ ಕೊಮಾಜುರೊ. ಇಬ್ಬರೂ ಕಿರುಚಾಡುತ್ತಾರೆ, ಯಾರೂ ದಾಟುವುದಿಲ್ಲ. ಮಗನಿಗೆ ತನ್ನ ಕಸುಬು ಅಂಟದಿರಲಿ ಅಂದುಕೊಂಡ ಅಪ್ಪನನ್ನು ಬೈಯಲಾರೆ. ಆದರೆ ನನ್ನ ಮಗ ನಿಮ್ಮಂಥವರ ಲೋಕದವನಲ್ಲ ಅಂದನಲ್ಲ, ಅದೂ ಸುಮಿಕೊಗೆ. ಅಷ್ಟು ವರ್ಷ ಅವಳು ಕುಣಿದದ್ದು ಅವನದೇ ವೇದಿಕೆಯ ಮೇಲಲ್ಲವೆ?