ಕಡಿದ ಕಬ್ಬು ಕಾಯುವುದಿಲ್ಲ

ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ 'ದರ' ಎಂದರೆ ಬಡ್ಡಿದರ, ಅಷ್ಟೆ. ನಾನು ಓದಿದ್ದು ಬಿ.ಕಾಂ. ರಸಾಯನಶಾಸ್ತ್ರವನ್ನು ಎಸ್ಸೆಸ್ಸೆಲ್ಸಿಗೇ ಬಿಟ್ಟುಬಂದವನು. ಈಗ ಎಪ್ಪತ್ತು ದಾಟಿದ ಮೇಲೆ, ದ್ವಿತೀಯ ಪಿಯುಸಿ ಓದುವ ಮೊಮ್ಮಗಳ ದೆಸೆಯಿಂದ ಇನ್ನೊಂದು ದರದ ಪರಿಚಯವಾಯಿತು. ಅದು ರಾಸಾಯನಿಕ ಕ್ರಿಯೆಯ ದರ. ಒಂದು ವಸ್ತು ಇನ್ನೊಂದಾಗಿ ಬದಲಾಗುವ ವೇಗ ಎನ್ನಿ.

ಮಳೆಯಲ್ಲಿ ಬಿಟ್ಟ ಕುಡುಗೋಲಿಗೆ ತುಕ್ಕು ಹಿಡಿಯಲು ದಿನಗಳು ಬೇಕು. ದೀಪಾವಳಿಯ ಪಟಾಕಿ ಸಿಡಿಯಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಎರಡೂ ರಾಸಾಯನಿಕ ಕ್ರಿಯೆಗಳೇ. ಬದಲಾಗುತ್ತದೆಯೇ ಎಂಬುದು ಒಂದು ಪ್ರಶ್ನೆ. ಎಷ್ಟು ಬೇಗ ಬದಲಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಬದುಕಿನಲ್ಲಿ ಬಹಳ ಸಲ ಲಾಭ ನಷ್ಟ ನಿಂತಿರುವುದು ಈ ಎರಡನೆಯ ಪ್ರಶ್ನೆಯ ಮೇಲೆ. ಇದನ್ನು ನಾನು ಪುಸ್ತಕದಲ್ಲಿ ಓದುವುದಕ್ಕೆ ಮೊದಲೇ ಒಬ್ಬ ಕಬ್ಬಿನ ರೈತನ ಮುಖದಲ್ಲಿ ನೋಡಿದ್ದೆ.

ಆಗ ನಾನು ಮಂಡ್ಯ ಸೀಮೆಯ ಒಂದು ಹೋಬಳಿಯ ಶಾಖೆಯಲ್ಲಿದ್ದೆ. ಸುತ್ತಮುತ್ತ ವಿಶ್ವೇಶ್ವರಯ್ಯ ನಾಲೆಯ ನೀರು, ಎಲ್ಲಿ ನೋಡಿದರೂ ಕಬ್ಬು. ನಮ್ಮ ಶಾಖೆಯ ಬೆಳೆ ಸಾಲದಲ್ಲಿ ಮುಕ್ಕಾಲು ಪಾಲು ಕಬ್ಬಿನದೇ. 1982ರ ಮಾರ್ಚ್ ತಿಂಗಳು. ವಸೂಲಿಗೆ ಮ್ಯಾನೇಜರರ ಒತ್ತಾಯ. ವಾಯಿದೆ ತಪ್ಪದೆ ಕಂತು ಕಟ್ಟುತ್ತಿದ್ದ ಒಬ್ಬ ರೈತನಿಗೆ ಕಾರ್ಖಾನೆಯಿಂದ ಕಟಾವಿನ ಅಪ್ಪಣೆ ಬಂತು. ಒಂದೂವರೆ ಎಕರೆ ಕಡಿಸಿ ಗಾಡಿಗಳಿಗೆ ತುಂಬಿಸಿದ. ಅಷ್ಟರಲ್ಲಿ ಕಾರ್ಖಾನೆಯ ಯಂತ್ರ ಕೆಟ್ಟು ನಿಂತಿತು. ಬಿಸಿಲಲ್ಲಿ ಗಾಡಿಗಳ ಸಾಲು ಮೂರು ದಿನ ಕದಲಲಿಲ್ಲ. ನಾಲ್ಕನೆಯ ದಿನ ಅವನು ಗಾಡಿಗಳನ್ನು ಹಿಂದಕ್ಕೆ ಹೊಡೆಸಿ ಊರ ಆಲೆಮನೆಗೆ ಕಬ್ಬು ಇಳಿಸಿದ. ಬೆಲ್ಲವಾದರೂ ಆಗಲಿ ಎಂದು.

ಬೆಲ್ಲ ಆಗಲಿಲ್ಲ. ಕೊಪ್ಪರಿಗೆಯಲ್ಲಿ ಎಷ್ಟು ಕಾಯಿಸಿದರೂ ಪಾಕ ಸರಿಯಾಗಿ ಗಟ್ಟಿಯಾಗಲೊಲ್ಲದು. ಅಚ್ಚಿಗೆ ಹೊಯ್ದದ್ದು ಕಪ್ಪಗೆ, ಅಂಟಂಟಾಗಿ ಕೈಗೆ ಮೆತ್ತಿಕೊಂಡಿತು. ಮಂಡಿಯಲ್ಲಿ ಅರ್ಧ ಬೆಲೆಗೂ ಕೇಳುವವರಿಲ್ಲ. ಅವನು ಬ್ಯಾಂಕಿಗೆ ಬಂದು ನನ್ನ ಕೌಂಟರಿನ ಮುಂದೆ ನಿಂತು ಕೇಳಿದ: "ಸಾರ್, ಗದ್ದೆ ಅದೇ, ಕಬ್ಬು ಅದೇ, ಆಲೆಮನೆಯೂ ಅದೇ. ಬೆಲ್ಲ ಯಾಕ್ ಸಾರ್ ಕೂರ್ಲಿಲ್ಲ?"

ಆ ಪ್ರಶ್ನೆಗೆ ಉತ್ತರ ನಮ್ಮ ಲೆಡ್ಜರಿನಲ್ಲಿ ಇರಲಿಲ್ಲ. ಮ್ಯಾನೇಜರು ಒಳ್ಳೆಯವರು, ಬಾಕಿಗೆ ಒಂದು ವರ್ಷದ ಗಡುವು ಕೊಟ್ಟರು. ಆದರೆ ಆ ವರ್ಷ ಅವನ ಮನೆಯಲ್ಲಿ ಗೊತ್ತಾಗಿದ್ದ ಮಗಳ ಮದುವೆ ಮುಂದಕ್ಕೆ ಹೋಯಿತು.

ಉತ್ತರ ಸಿಕ್ಕಿದ್ದು ನಲವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, ಮೊಮ್ಮಗಳ ರಸಾಯನಶಾಸ್ತ್ರದ ಪುಸ್ತಕದಲ್ಲಿ. ಅವಳು ಜೋರಾಗಿ ಓದುತ್ತಿದ್ದಳು, ಕಬ್ಬಿನ ಸಕ್ಕರೆ ಒಡೆಯುವ ಕ್ರಿಯೆ ಎಂದು ಏನೋ ಬಂತು. "ನಿಲ್ಲಿಸು, ಅದನ್ನು ಇನ್ನೊಂದು ಸಲ ಓದು" ಎಂದೆ. "ತಾತ, ನಿಮಗ್ಯಾಕೆ ಇದು?" ಎಂದು ನಕ್ಕಳು. ಆಮೇಲೆ ಕೂತು ವಿವರಿಸಿದಳು. ಅವಳಿಂದ ಕಲಿತದ್ದನ್ನೇ ನಿಮಗೆ ಹೇಳುತ್ತಿದ್ದೇನೆ.

ಕಬ್ಬಿನ ಸಿಹಿಗೆ ಸುಕ್ರೋಸ್ ಎಂದು ಹೆಸರು. ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಚಿಕ್ಕ ಸಕ್ಕರೆಗಳು ಕೈ ಕೈ ಹಿಡಿದು ನಿಂತರೆ ಒಂದು ಸುಕ್ರೋಸ್ ಅಣು. ನಡುವೆ ನೀರಿನ ಒಂದು ಅಣು ಸೇರಿಕೊಂಡರೆ ಹಿಡಿದ ಕೈ ಬಿಟ್ಟುಹೋಗುತ್ತದೆ. ಬಿಡಿಯಾದ ಸಕ್ಕರೆಗಳೂ ಸಿಹಿಯೇ. ಆದರೆ ಅವು ಸುಲಭವಾಗಿ ಹರಳುಗಟ್ಟುವುದಿಲ್ಲ, ಗಾಳಿಯ ತೇವ ಹೀರಿ ಅಂಟಾಗುತ್ತವೆ. ಬೆಲ್ಲ ಗಟ್ಟಿಯಾಗುವುದು ಸುಕ್ರೋಸ್ ಹರಳುಗಟ್ಟುವುದರಿಂದ. ಆ ರೈತನ ಕಬ್ಬಿನಲ್ಲಿ ಮೂರು ದಿನಗಳಲ್ಲಿ ಬಹಳಷ್ಟು ಕೈಗಳು ಬಿಟ್ಟುಹೋಗಿದ್ದವು.

ಕಬ್ಬು ಕಡಿದ ಗಳಿಗೆಯಿಂದಲೇ ಈ ಒಡೆಯುವಿಕೆ ಆರಂಭವಾಗುತ್ತದೆ. ಅದನ್ನು ಪೂರ್ತಿ ತಡೆಯಲು ಆಗದು. ಅದರ ವೇಗವನ್ನು ಹೆಚ್ಚು ಕಡಿಮೆ ಮಾಡುವುದು ಮಾತ್ರ ಸಾಧ್ಯ. ವೇಗವನ್ನು ನಿರ್ಧರಿಸುವ ಸಂಗತಿಗಳಲ್ಲಿ ಮುಖ್ಯವಾದವು ನಾಲ್ಕು.

ಮೊದಲನೆಯದು, ವಸ್ತು ಎಷ್ಟು ಸಾಂದ್ರವಾಗಿದೆ ಎಂಬುದು. 1850ರಲ್ಲಿ ಲುಡ್ವಿಗ್ ವಿಲ್ಹೆಲ್ಮಿ ಎಂಬ ಜರ್ಮನ್ ವಿಜ್ಞಾನಿ ಇದೇ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ, ಆಮ್ಲ ಸೇರಿಸಿ, ಅದು ಒಡೆಯುವ ವೇಗವನ್ನು ಅಳೆದ. ದ್ರಾವಣದಲ್ಲಿ ಸಕ್ಕರೆ ಹೆಚ್ಚು ಉಳಿದಿದ್ದಾಗ ವೇಗ ಹೆಚ್ಚು. ಸಕ್ಕರೆ ಕಡಿಮೆಯಾದಂತೆ ವೇಗವೂ ಅದೇ ಪ್ರಮಾಣದಲ್ಲಿ ಕಡಿಮೆ. ಮೊಮ್ಮಗಳು ಇದನ್ನು ಹೇಳಿದಾಗ ನಾನು ಹಿಗ್ಗಿಬಿಟ್ಟೆ. ಇದು ಉಳಿದ ಬಾಕಿಯ ಮೇಲೆ ಬಡ್ಡಿ ಹಾಕುವ ನಮ್ಮ ಲೆಕ್ಕವೇ! ಬಾಕಿ ಇಳಿದಂತೆ ಬಡ್ಡಿಯೂ ಇಳಿಯುತ್ತದಲ್ಲ, ಹಾಗೆ. ಆದ್ದರಿಂದ ದೊಡ್ಡ ನಷ್ಟ ಆಗುವುದು ಮೊದಮೊದಲ ಹೊತ್ತಿನಲ್ಲೇ.

ಎರಡನೆಯದು ಶಾಖ. ಅಣುಗಳು ಒಂದಕ್ಕೊಂದು ತಾಗಿದರೆ ಸಾಲದು, ಸಾಕಷ್ಟು ಬಿರುಸಾಗಿ ತಾಗಬೇಕು. ಬಿಸಿ ಹೆಚ್ಚಿದಂತೆ ಬಿರುಸಾಗಿ ಓಡುವ ಅಣುಗಳ ಸಂಖ್ಯೆ ಹೆಚ್ಚುತ್ತದೆ. ಇದಕ್ಕೆ ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ 1889ರಲ್ಲಿ ಸ್ಪಷ್ಟ ವಿವರಣೆ ಕೊಟ್ಟ. ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ವೇಗ ಸುಮಾರು ಇಮ್ಮಡಿ ಎಂಬುದು ಅನೇಕ ಕ್ರಿಯೆಗಳಿಗೆ ಹೊಂದುವ ಸ್ಥೂಲ ಲೆಕ್ಕ. ಇಪ್ಪತ್ತು ಏರಿದರೆ ನಾಲ್ಕು ಪಟ್ಟು, ಮೂವತ್ತು ಏರಿದರೆ ಎಂಟು ಪಟ್ಟು. ಥೇಟ್ ಚಕ್ರಬಡ್ಡಿ. ನೆರಳಿನಲ್ಲಿ 28 ಡಿಗ್ರಿಯಲ್ಲಿ ಮೂರು ದಿನ ಇದ್ದ ಕಬ್ಬಿಗೂ, ಬಿಸಿಲಲ್ಲಿ 38 ಡಿಗ್ರಿಯಲ್ಲಿ ಮೂರು ದಿನ ಇದ್ದ ಕಬ್ಬಿಗೂ ಎಷ್ಟು ವ್ಯತ್ಯಾಸ ನೋಡಿ. ಎರಡನೆಯದಕ್ಕೆ ಆರು ದಿನ ಕಳೆದಂತೆಯೇ ಆಯಿತು.

ಮೂರನೆಯದು ವೇಗವರ್ಧಕ. ಇಂಗ್ಲಿಷಿನವರು ಕ್ಯಾಟಲಿಸ್ಟ್ ಎನ್ನುತ್ತಾರೆ. ನಾನು ಅದಕ್ಕೆ ಕಮಿಷನ್ ಕೇಳದ ದಲ್ಲಾಳಿ ಎಂದು ಹೆಸರಿಟ್ಟಿದ್ದೇನೆ. ಕಷ್ಟದ ದಾರಿ ಬಿಟ್ಟು ಸುಲಭದ ದಾರಿ ತೋರಿಸಿ ವ್ಯವಹಾರ ಕುದುರಿಸುತ್ತದೆ, ತಾನು ಮಾತ್ರ ಖರ್ಚಾಗುವುದಿಲ್ಲ. ಕಬ್ಬಿನೊಳಗೆ ಇನ್ವರ್ಟೇಸ್ ಎಂಬ ಕಿಣ್ವ ಇದೆ, ಅದೇ ಈ ದಲ್ಲಾಳಿ. ಹಾಲು ಹುಳಿಯಾದರೆ ಆ ಹುಳಿಯೂ ದಲ್ಲಾಳಿಯೇ. ಇಲ್ಲಿ ಹಾಲು ಎಂದರೆ ಕಬ್ಬಿನ ಹಾಲು, ಗಾಣದಿಂದ ಇಳಿಯುವ ರಸ.

ನಾಲ್ಕನೆಯದು ಮೇಲ್ಮೈ. ಉದ್ದನೆಯ ಒಂದು ಜಲ್ಲೆಗೆ ಕಡಿದ ತುದಿಗಳು ಎರಡೇ. ಅದನ್ನೇ ಹತ್ತು ತುಂಡು ಮಾಡಿದರೆ ತುದಿಗಳು ಇಪ್ಪತ್ತು. ಗಾಳಿ, ಸೂಕ್ಷ್ಮಜೀವಿಗಳು ಒಳನುಗ್ಗಲು ಅಷ್ಟೂ ಬಾಗಿಲುಗಳು. ತುಂಡು ಮಾಡಿದ ಕಬ್ಬು ಇಡೀ ಜಲ್ಲೆಗಿಂತ ಬೇಗ ಕೆಡುವುದು ಇದಕ್ಕೇ. ದಪ್ಪ ಕೊರಡು ನಿಧಾನವಾಗಿ ಹೊತ್ತಿಕೊಂಡು, ಸೀಳಿದ ಸೌದೆ ಬೇಗ ಹೊತ್ತಿಕೊಳ್ಳುವುದಕ್ಕೂ ಇದೇ ಕಾರಣ.

ಇಷ್ಟು ತಿಳಿದ ಮೇಲೆ ನಮ್ಮ ಆಲೆಮನೆಯವರ ಬಗ್ಗೆ ನನ್ನ ಗೌರವ ಹೆಚ್ಚಿತು. ಅವರು ಯಾವ ಸಮೀಕರಣವನ್ನೂ ಬರೆದವರಲ್ಲ. ಆದರೂ ಕಡಿದ ಕಬ್ಬನ್ನು ನೆರಳಿಗೆ ಹಾಕಿ, ತರಗು ಮುಚ್ಚಿ, ನೀರು ಚಿಮುಕಿಸುತ್ತಾರೆ. ಶಾಖ ಇಳಿಯಿತು. ಗಾಣದಿಂದ ಇಳಿದ ಹಾಲನ್ನು ತಡಮಾಡದೆ ಕೊಪ್ಪರಿಗೆಗೆ ಹಾಕುತ್ತಾರೆ. ಕುದಿ ಬಂದರೆ ಕಿಣ್ವ ಸತ್ತುಹೋಗುತ್ತದೆ, ಒಬ್ಬ ದಲ್ಲಾಳಿ ತೊಲಗಿದ. ಆದರೆ ಹುಳಿ ಉಳಿದಿರುತ್ತದೆ, ಬಿಸಿಯಲ್ಲಿ ಅದರ ಆಟ ಇನ್ನೂ ಜೋರು. ಅದಕ್ಕೆಂದೇ ಹದವಾಗಿ ಸುಣ್ಣದ ತಿಳಿ ಹಾಕುತ್ತಾರೆ. ಸುಣ್ಣ ಹುಳಿಯನ್ನು ತಗ್ಗಿಸುತ್ತದೆ, ಎರಡನೆಯ ದಲ್ಲಾಳಿಯೂ ಸುಮ್ಮನಾದ. ಒಲೆಗೆ ಚೆನ್ನಾಗಿ ಒಣಗಿದ ಕಬ್ಬಿನ ಸಿಪ್ಪೆಯನ್ನು ಸಡಿಲವಾಗಿ ಒಟ್ಟುತ್ತಾರೆ. ಗಾಳಿಯಾಡಿ ಉರಿ ಜೋರಾಗುತ್ತದೆ, ಹಾಲು ಬೇಗ ಪಾಕವಾಗುತ್ತದೆ. ಒಲೆಯಲ್ಲಿ ಒಂದು ಕ್ರಿಯೆಗೆ ಅವಸರ, ಕೊಪ್ಪರಿಗೆಯಲ್ಲಿ ಇನ್ನೊಂದಕ್ಕೆ ಲಗಾಮು. ಒಂದೇ ಮನುಷ್ಯ, ಒಂದೇ ಹೊತ್ತಿನಲ್ಲಿ ಎರಡನ್ನೂ ಸಂಭಾಳಿಸುತ್ತಾನೆ.

ಆ ರೈತನೂ ಮರುವರ್ಷ ಪಾಠ ಕಲಿತಿದ್ದ. ಸಂಜೆ ತಂಪಿನಲ್ಲಿ ಒಂದು ದಿನಕ್ಕೆ ಆಗುವಷ್ಟೇ ಕಡಿಸಿ, ಬೆಳಗ್ಗೆ ಗಾಣಕ್ಕೆ ಕೊಟ್ಟ. ಹೊನ್ನಿನ ಬಣ್ಣದ ಬೆಲ್ಲ ಕೂತಿತು. ಸಾಲ ತೀರಿಸಲು ಬಂದಾಗ ಕಾಗದದಲ್ಲಿ ಸುತ್ತಿದ ಒಂದು ಅಚ್ಚು ತಂದುಕೊಟ್ಟು, "ಈ ಸಲ ಕಡಿದದ್ದನ್ನ ಮಲಗಿಸ್ಲಿಲ್ಲ ಸಾರ್" ಎಂದ. ಮಗಳ ಮದುವೆಯ ಕರೆಯೋಲೆಯೂ ಜೊತೆಗಿತ್ತು.

ಒಂದು ತಮಾಷೆ ಕೇಳಿ. ಆಲೆಮನೆಯಲ್ಲಿ ವೈರಿಯಾದ ಇದೇ ಕ್ರಿಯೆ ಅಡುಗೆಮನೆಯಲ್ಲಿ ನೆಂಟ. ಜಾಮೂನಿನ ಸಕ್ಕರೆ ಪಾಕಕ್ಕೆ ನನ್ನ ಹೆಂಡತಿ ನಾಲ್ಕು ಹನಿ ನಿಂಬೆರಸ ಹಿಂಡುತ್ತಾಳೆ. ಯಾಕೆ ಎಂದರೆ "ಪಾಕ ಹರಳುಗಟ್ಟಬಾರದು, ಅದಕ್ಕೆ" ಎನ್ನುತ್ತಾಳೆ. ಹುಳಿ ಮತ್ತು ಬಿಸಿ ಸೇರಿ ಸ್ವಲ್ಪ ಸುಕ್ರೋಸನ್ನು ಒಡೆಯುತ್ತವೆ, ಪಾಕ ತಿಳಿಯಾಗಿ ನಿಲ್ಲುತ್ತದೆ. ಮೊಮ್ಮಗಳು ಇದನ್ನು ಕೇಳಿ, "ಅಜ್ಜಿ, ನೀವು ವಿಲ್ಹೆಲ್ಮಿ ಮಾಡಿದ್ದನ್ನೇ ಮಾಡ್ತಿದ್ದೀರಿ!" ಎಂದು ಕುಣಿದಳು. ಅಜ್ಜಿ, "ಅದ್ಯಾರೋ ನನಗೆ ಗೊತ್ತಿಲ್ಲ, ಮೊದಲು ಒಲೆ ಸಣ್ಣ ಮಾಡು" ಎಂದಳು.

ಮಕ್ಕಳೇ, ನೀವೂ ಒಂದು ಪರೀಕ್ಷೆ ಮಾಡಿ. ನೀರಿಗೆ ಹಾಕಿದರೆ ಬುಸ್ಸೆಂದು ನೊರೆ ಬರುವ ವಿಟಮಿನ್ ಮಾತ್ರೆಗಳು ಔಷಧಿ ಅಂಗಡಿಯಲ್ಲಿ ಸಿಗುತ್ತವೆ. ಅಜ್ಜನನ್ನೋ ಅಜ್ಜಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಮೂರು ಲೋಟ ಇಡಿ. ಒಂದರಲ್ಲಿ ತಣ್ಣೀರು, ಇಡೀ ಮಾತ್ರೆ. ಎರಡನೆಯದರಲ್ಲಿ ಉಗುರುಬೆಚ್ಚಗಿನ ನೀರು, ಇಡೀ ಮಾತ್ರೆ. ಮೂರನೆಯದರಲ್ಲಿ ತಣ್ಣೀರು, ಪುಡಿ ಮಾಡಿದ ಮಾತ್ರೆ. ಮೂರರಲ್ಲೂ ನೀರಿನ ಅಳತೆ ಒಂದೇ ಇರಲಿ. ಲೋಟಕ್ಕೆ ಮುಚ್ಚಳ ಹಾಕಬೇಡಿ, ಆ ನೀರನ್ನು ಕುಡಿಯಲೂ ಬೇಡಿ. ನೊರೆ ನಿಲ್ಲಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಗಡಿಯಾರ ನೋಡಿ ಬರೆದುಕೊಳ್ಳಿ.

ಹಿರಿಯರಿಗೂ ಒಂದು ಮಾತು. ಬೇಸಿಗೆಯಲ್ಲಿ ಕಬ್ಬಿನ ಹಾಲು ಕುಡಿಯುವ ಆಸೆಯಾದರೆ ಕಣ್ಣೆದುರಿಗೇ ಹಿಂಡಿಸಿ, ಅಲ್ಲೇ ನಿಂತು ಕುಡಿಯಿರಿ. ಬಾಟಲಿಗೆ ತುಂಬಿಸಿ ಮನೆಗೆ ತಂದು, ಸಂಜೆ ಕುಡಿದರಾಯಿತು ಎಂದು ಇಡಬೇಡಿ. ದರ ಎಷ್ಟಾದರೂ ದರವೇ. ನಾವು ಮರೆತು ಮಲಗಿದರೂ ಅದು ತನ್ನ ಲೆಕ್ಕ ಬರೆದುಕೊಂಡೇ ಇರುತ್ತದೆ.